ಪ್ರೊ. ಸಿ. ಆರ್. ನಾರಾಯಣರಾಯರು

ಕಪ್ಪೆಯೆಂದರೆ ಮೂಗು ಮುರಿಯುವವರೇ ಹೆಚ್ಚು. ಆ ಕಿರುಜೀವಿಯ ಅಧ್ಯಯನಕ್ಕೆ ತಮ್ಮ ವಿದ್ವತ್ತನ್ನು ಮೀಸಲಿಟ್ಟವರು ಪ್ರೊಫೆಸರ್ ಸಿ. ಆರ್. ನಾರಾಯಣರಾಯರು.

1882ರಲ್ಲಿ ಜನಿಸಿದ ನಾರಾಯಣರಾಯರು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿ, ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರೇ. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಆದರೆ ಅವರ ಮನಸ್ಸು ನೆಟ್ಟಿದ್ದುದು ಪಶ್ಚಿಮಘಟ್ಟದ ತೊರೆಗಳಲ್ಲಿ.

1920ರಲ್ಲಿ ಅವರು ಕೊಡಗಿನ ಜೌಗಿನಲ್ಲಿ ದೊರೆತ ಕಪ್ಪೆಯೊಂದನ್ನು ಲೋಕಕ್ಕೆ ಪರಿಚಯಿಸಿ, ಪವಿತ್ರವಾದ ಜೌಗು ಎಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನಿಟ್ಟರು. 1937ರ ಪ್ರಬಂಧದಲ್ಲಿ ಮತ್ತೆ ಹಲವು ಹೊಸ ಕಪ್ಪೆಗಳು ಸೇರಿದವು. ಬೆರಳ ತುದಿಯ ಬಿಲ್ಲೆ, ಕಾಲಿನ ಜಾಲಪೊರೆ, ಚರ್ಮದ ಮಡಿಕೆ ಇವನ್ನೆಲ್ಲ ಪರೀಕ್ಷಿಸಿ, ದೊರೆತ ಊರಿನ ಹೆಸರಿನೊಡನೆ ಬರೆದಿಟ್ಟರು. ಕೊಟ್ಟಿಗೆಹಾರ, ಸಕಲೇಶಪುರದ ಕಡೆಯ ಕೆಂಪುಹೊಳೆ ಹೀಗೆ ನಮ್ಮ ಮಲೆನಾಡಿನ ಹೆಸರುಗಳು ವಿಜ್ಞಾನದ ಗ್ರಂಥಗಳನ್ನು ಸೇರಿದವು.

ಕೊಟ್ಟಿಗೆಹಾರದ ಕಪ್ಪೆಯ ನಡವಳಿಕೆ ವಿಚಿತ್ರವಾದುದು. ತೊರೆಯ ಭೋರ್ಗರೆತದಲ್ಲಿ ಕೂಗು ಕೇಳಿಸುವುದು ಕಷ್ಟ. ಆದುದರಿಂದ ಗಂಡು ಒದ್ದೆ ಬಂಡೆಯ ಮೇಲೆ ಕುಳಿತು, ಕೂಗುವುದರ ಜೊತೆಗೆ ಹಿಂಗಾಲನ್ನು ಚಾಚಿ ಬೀಸುತ್ತದೆ. ಇದರಿಂದಲೇ ಈ ಜಾತಿಗೆ ಕುಣಿಯುವ ಕಪ್ಪೆ ಎಂಬ ಹೆಸರು. ಹೆಣ್ಣು ತೊರೆಯ ತಳದ ಮರಳನ್ನು ಹಿಂಗಾಲಿನಿಂದ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಗಳ ನೆರಳು ತಪ್ಪಿ ತೊರೆ ಬತ್ತಿದರೆ ಆ ಮೊಟ್ಟೆಗಳಿಗೆ ಉಳಿವಿಲ್ಲ.

ನಾರಾಯಣರಾಯರು 1960ರಲ್ಲಿ ತೀರಿಕೊಂಡರು. ಅವರು ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳು ಕಾಲಕ್ರಮದಲ್ಲಿ ಕಳೆದುಹೋದವು. ಈ ನಷ್ಟ ಸಣ್ಣದಲ್ಲ. ಮುಂದಿನವರು ಹೋಲಿಸಿ ನೋಡಲು ಅವರ ಬರಹ ಮತ್ತು ಕಾಡು ಇವೆರಡೇ ಉಳಿದವು. ಆ ಕಾಡಾದರೂ ತೋಟಗಳಿಗೂ ರಸ್ತೆಗಳಿಗೂ ಅಣೆಕಟ್ಟುಗಳಿಗೂ ಎಡೆಗೊಟ್ಟು ಕುಗ್ಗುತ್ತ ಬಂದಿತ್ತು. ಕುಣಿಯುವ ಕಪ್ಪೆಗಳಲ್ಲಿ ಬಹುಪಾಲು ಅಳಿವಿನ ಭೀತಿಯಲ್ಲಿವೆಯೆಂದು 2023ರ ಜಾಗತಿಕ ಸಮೀಕ್ಷೆ ತಿಳಿಸಿತು.

ಘಟ್ಟದ ಪುಟ್ಟ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ವಿಜ್ಞಾನಿಗಳು ನಾರಾಯಣರಾಯರ ಸ್ಮರಣೆಗಾಗಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಅದರ ಮರುವರ್ಷ ಇನ್ನೊಂದು ಸುದ್ದಿ ಬಂದಿತು. ಅವರು 1920ರಲ್ಲಿ ಕೊಡಗಿನಿಂದ ವರ್ಣಿಸಿದ್ದ ಕಪ್ಪೆ, 1937ರಲ್ಲಿ ಕೆಂಪುಹೊಳೆಯಿಂದ ವರ್ಣಿಸಿದ್ದ ಕಪ್ಪೆ, ಇವೆರಡೂ ಘಟ್ಟದ ಕಾಡಿನಲ್ಲಿ ಜೀವಂತವಾಗಿ ಮತ್ತೆ ಕಂಡುಬಂದಿದ್ದವು.