ಆಯ್ದಕ್ಕಿ ಲಕ್ಕಮ್ಮ: ಮನೆಯನ್ನು ಮುನ್ನಡೆಸಿದ ಶರಣೆ

ನಾಯಕತ್ವವೆಂದೊಡನೆ ನಾವು ಪೀಠ, ಪದವಿ, ಅಧಿಕಾರಗಳನ್ನು ನೆನೆಯುತ್ತೇವೆ. ಇವಾವುವೂ ಇಲ್ಲದೆ ಸಂಸಾರವನ್ನೂ ಕಾಯಕವನ್ನೂ ಸನ್ಮಾರ್ಗದಲ್ಲಿ ನಡೆಸಿದವರು 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನವರು.

ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಲಕ್ಕಮ್ಮ, ಮಾರಯ್ಯ ದಂಪತಿಗಳು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನವರು ಆಯ್ದು ತರುವರು. ಅದರಿಂದಲೇ ಮನೆಯಲ್ಲಿ ದಾಸೋಹ.

ಶರಣ ಪರಂಪರೆ ಹೇಳುವಂತೆ, ಒಮ್ಮೆ ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ ಲಕ್ಕಮ್ಮನವರು ಕಾಯಕ ನಿಂತುದನ್ನು ನೆನಪಿಸಿದರು. ಮತ್ತೊಮ್ಮೆ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಸಿದರು. ನಾಳೆಗೆ ಕಾಳಿಲ್ಲದ ಮನೆಯಲ್ಲಿ ಈ ಮಾತನ್ನಾಡುವುದು ಸುಲಭವಲ್ಲ. ಕೂಡಿಡುವ ಆಸೆ ಒಮ್ಮೆ ಒಳಹೊಕ್ಕರೆ ಕಾಯಕದ ಶುದ್ಧಿ ಕೆಡುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಮಾರಯ್ಯನವರ ಹಿರಿಮೆಯೂ ಕಿರಿದಲ್ಲ. ಮಡದಿಯ ಮಾತೆಂದು ಮುನಿಯದೆ, ನಿಜವೆಂದು ಒಪ್ಪಿ ನಡೆದರು.

ಪತಿಯನ್ನು ತಿದ್ದಿದ ಈ ತಾಯಿ ಅವರನ್ನು ಕೀಳ್ಗಳೆಯಲಿಲ್ಲ. ತಮ್ಮ ವಚನಗಳ ಅಂಕಿತದಲ್ಲಿ ಅವರ ಹೆಸರನ್ನೇ ಮುಂದಿರಿಸಿ ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದರು. ತಿದ್ದುವಲ್ಲಿ ಪ್ರೀತಿ, ಒಪ್ಪುವಲ್ಲಿ ವಿನಯ ಇವೆರಡೂ ಕೂಡಿದಾಗಲೇ ಸಂಸಾರ ಸನ್ಮಾರ್ಗದಲ್ಲಿ ಸಾಗುತ್ತದೆ.

ಇಂದು ನಮ್ಮ ಮನೆಗಳಿಗೆ ಬರುವ ಗಳಿಕೆ ಎಲ್ಲಿಂದ ಬಂತು, ಎಷ್ಟು ಸಾಕು ಎಂದು ಕೇಳುವವರು ಯಾರು? ಕೇಳಿದವರ ಮಾತಿಗೆ ನಾವು ಕಿವಿಗೊಡುತ್ತಿದ್ದೇವೆಯೆ? ದುಡಿಮೆಯ ಸ್ಥಳದಲ್ಲಿಯೂ ಈ ಪ್ರಶ್ನೆ ಸಲ್ಲುತ್ತದೆ. ಅದನ್ನು ಅಂಜದೆ ಕೇಳುವವರೂ ಮುನಿಯದೆ ಆಲಿಸುವವರೂ ಪ್ರತಿ ಮನೆಯಲ್ಲಿ ಬೆಳೆಯಲಿ ಎಂದು ನಾವು ಹಾರೈಸುತ್ತೇವೆ.