ವಿಕ್ರಮ ಸಾರಾಭಾಯಿ

ಅಹಮದಾಬಾದಿನ ಶ್ರೀಮಂತ ಗಿರಣಿ ಮನೆತನದಲ್ಲಿ 1919ರ ಆಗಸ್ಟ್ 12ರಂದು ಜನಿಸಿದ ವಿಕ್ರಮ ಸಾರಾಭಾಯಿಯವರ ಮನಸ್ಸು ಬಾಲ್ಯದಿಂದಲೂ ವಿಜ್ಞಾನದತ್ತ ಒಲಿದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ವಿಶ್ವಕಿರಣಗಳನ್ನು ಅಭ್ಯಸಿಸಿದರು. 1947ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು.

ಅದೇ ವರ್ಷ ತಮ್ಮ ಊರಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. ಸಂಸ್ಥೆ ಕಟ್ಟಿದವನೇ ಅದರ ಪೀಠವನ್ನೂ ಏರುವುದು ಲೋಕರೂಢಿ. ಸಾರಾಭಾಯಿಯವರಾದರೋ ನಿರ್ದೇಶಕ ಪದವಿಯನ್ನು ಹವಾಮಾನ ಇಲಾಖೆಯಿಂದ ನಿವೃತ್ತರಾಗಿದ್ದ, ತಮಗಿಂತ ಇಪ್ಪತ್ತಾರು ವರ್ಷ ಹಿರಿಯರಾದ ಕೆ. ಆರ್. ರಾಮನಾಥನ್ನರಿಗೆ ಒಪ್ಪಿಸಿ, ತಾವು ಪ್ರಾಧ್ಯಾಪಕರಾಗಿ ಉಳಿದರು.

ಜವಳಿ ಗಿರಣಿಗಳಿಗಾಗಿ ಅವರು ಆಗಲೇ ಕಟ್ಟಿದ ಸಂಶೋಧನಾ ಸಂಘದ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿಗೆ ಅವರು ಆರಿಸಿಕೊಂಡ ತರುಣ ವಿಜ್ಞಾನಿಗಳಿಗೆ ಜವಳಿಯ ಅನುಭವವೇ ಇರಲಿಲ್ಲ. ಸ್ವತಃ ಅವರಿಗೂ ಇರಲಿಲ್ಲ! ಹಳೆಯ ಪದ್ಧತಿಗೆ ಒಗ್ಗದ ಕಣ್ಣುಗಳು ಹೊಸದನ್ನು ಕಂಡಾವೆಂಬುದು ಅವರ ಎಣಿಕೆಯಾಗಿದ್ದಿರಬೇಕು. ಯಂತ್ರದಷ್ಟೇ ಅದನ್ನು ನಡೆಸುವ ಮನುಷ್ಯನೂ ಮುಖ್ಯನೆಂದು ಬಗೆದು, ಮನಶ್ಶಾಸ್ತ್ರಜ್ಞೆ ಕಮಲಾ ಚೌಧರಿಯವರನ್ನೂ ಆ ಬಳಗಕ್ಕೆ ಸೇರಿಸಿಕೊಂಡರು. ಗಿರಣಿಯ ಪ್ರಪಂಚದಲ್ಲಿ ಆ ಕಾಲಕ್ಕೆ ಇದು ಸಣ್ಣ ಧೈರ್ಯವೇನಲ್ಲ.

ಮುಂದೆ ಆಕಾಶದ ಕನಸು ಬಂದಿತು. ಭೂಮಿಯ ಕಾಂತೀಯ ಸಮಭಾಜಕಕ್ಕೆ ಸಮೀಪದಲ್ಲಿದ್ದ ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ರಾಕೆಟ್ ಕೇಂದ್ರಕ್ಕಾಗಿ ಆರಿಸಲಾಯಿತು. ಅಲ್ಲಿನ ಕ್ರೈಸ್ತ ದೇವಾಲಯವೂ ಬಿಷಪ್ಪರ ನಿವಾಸವೂ ಕಚೇರಿ, ಕಾರ್ಯಾಗಾರಗಳಾದವು. 1963ರ ನವೆಂಬರ್ 21ರಂದು ಅಮೆರಿಕೆಯ ರಾಕೆಟ್ಟೊಂದು ಆ ಮರಳಿನಿಂದ ಮೇಲೇರಿತು. ಅಮೆರಿಕ, ರಷ್ಯ, ಫ್ರಾನ್ಸ್ ಮೂರೂ ನೆರವಿತ್ತ ಕೇಂದ್ರವದು.

ಪರದೇಶದ ರಾಕೆಟ್ಟನ್ನು ಹಾರಿಸುವುದು ಒಂದು, ನಮ್ಮದನ್ನೇ ಕಟ್ಟುವುದು ಇನ್ನೊಂದು. ಇಂಗ್ಲೆಂಡಿನಲ್ಲಿದ್ದ ವಸಂತ ಗೋವಾರಿಕರರು ಮರಾಠಿಗರು. ಅಬ್ದುಲ್ ಕಲಾಮರು ರಾಮೇಶ್ವರದ ದೋಣಿಕಾರರ ಮನೆಯವರು. ಉಪಗ್ರಹ ವಾಹನದ ಯೋಜನೆ ಸಿದ್ಧವಾದಾಗ ಅದರ ನಾಲ್ಕು ಹಂತಗಳನ್ನು ನಾಲ್ವರಿಗೆ ಹಂಚಿಕೊಟ್ಟರು. ಅದಕ್ಕೆ ಮೊದಲು ಯಾರೂ ಅಂಥದನ್ನು ಇಲ್ಲಿ ಮಾಡಿರಲಿಲ್ಲ. ನಂಬಿ ಹೊಣೆ ಹೊರಿಸಿದ ಹಿರಿಯರನ್ನು ಬಿಟ್ಟುಹೋಗಲು ತರುಣರಿಗೆ ಮನಸ್ಸಾದರೂ ಹೇಗೆ ಬಂದೀತು?

ಭಾಭಾ ಅವರು 1966ರಲ್ಲಿ ವಿಮಾನಾಪಘಾತದಲ್ಲಿ ಗತಿಸಿದ ಮೇಲೆ ಅಣುಶಕ್ತಿ ಆಯೋಗದ ಅಧ್ಯಕ್ಷತೆಯೂ ಸಾರಾಭಾಯಿಯವರ ಹೆಗಲೇರಿತು. ಒಬ್ಬ ವ್ಯಕ್ತಿಗೆ ಇಷ್ಟು ಭಾರ ಹೊರಿಸಿದ್ದು ಉಚಿತವಾಗಿತ್ತೆಂದು ಹೇಳಲಾಗದು. 1971ರ ಡಿಸೆಂಬರ್ 30ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ತುಂಬಾಕ್ಕೆ ಸಮೀಪದ ಕೋವಳಂನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು.

ನಾಯಕನಿಲ್ಲದ ಬಳಗ ಚದರಲಿಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಸಾರಾಭಾಯಿಯವರ ಶಿಷ್ಯರಾಗಿ, ಅಮೆರಿಕೆಯಿಂದ 1966ರಲ್ಲಿ ಮರಳಿದ್ದ ಯು. ಆರ್. ರಾವ್ ಅವರು ಬೆಂಗಳೂರಿನ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ತರುಣ ಎಂಜಿನಿಯರುಗಳೊಡನೆ 'ಆರ್ಯಭಟ'ವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಅದು ರಷ್ಯದ ನೆಲದಿಂದ ಕಕ್ಷೆ ಸೇರಿತು. ನಾಲ್ವರಿಗೆ ಹಂಚಿದ್ದ ಆ ವಾಹನ ಕಲಾಮರ ನೇತೃತ್ವದಲ್ಲಿ 1980ರ ಜುಲೈ 18ರಂದು ಶ್ರೀಹರಿಕೋಟೆಯಿಂದ ರೋಹಿಣಿ ಉಪಗ್ರಹವನ್ನು ಹೊತ್ತೊಯ್ದಿತು.