ಕೂಫಾದ ಜವುಳಿ ವ್ಯಾಪಾರಿ ಇಮಾಮ್ ಅಬೂ ಹನೀಫಾ(ರ.)

ನಾವು ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿಈ ಮದ್ಹಬಿನವರು. ಇಮಾಮ್ ಅಬೂ ಹನೀಫಾ(ರ.) ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ಅವರು ದೊಡ್ಡ ಜವುಳಿ ವ್ಯಾಪಾರಿಯೂ ಆಗಿದ್ದರು ಎಂಬುದು, ವ್ಯಾಪಾರವನ್ನೇ ನಂಬಿ ಬದುಕುವ ನಮ್ಮ ಮನೆಗಳಲ್ಲಿ ಮಾತಿಗೆ ಬರುವುದು ಕಡಿಮೆ.

ಅವರ ಹೆಸರು ನುಅಮಾನ್ ಬಿನ್ ಸಾಬಿತ್. ಹಿಜರಿ 80ರಲ್ಲಿ (ಕ್ರಿ.ಶ. 699) ಇರಾಕಿನ ಕೂಫಾದಲ್ಲಿ ಹುಟ್ಟಿದರು. ರೇಷ್ಮೆ ಬೆರೆಸಿ ನೇಯ್ದ ಬೆಲೆಬಾಳುವ ಬಟ್ಟೆಯ ವ್ಯಾಪಾರ ಅವರದು. ಯುವಕರಾಗಿದ್ದಾಗ ಪೇಟೆಗೆ ಹೊರಟಿದ್ದ ಅವರನ್ನು ಕಂಡ ಇಮಾಮ್ ಶಅಬಿ, ಇಷ್ಟು ಚುರುಕು ಬುದ್ಧಿಯನ್ನು ಇಲ್ಮಿಗೂ ಬಳಸಬೇಕೆಂದು ಬುದ್ಧಿ ಹೇಳಿದರಂತೆ. ಆಮೇಲೆ ಹಮ್ಮಾದ್ ಬಿನ್ ಅಬೀ ಸುಲೈಮಾನರ ಬಳಿ 18 ವರ್ಷ ಕಲಿತರು. ಹಿಜರಿ 120ರಲ್ಲಿ ಉಸ್ತಾದರು ತೀರಿಕೊಂಡಾಗ ಅವರ ದರ್ಸಿನ ಹೊಣೆ ಇವರ ಮೇಲೆ ಬಂತು. ಆದರೂ ವ್ಯಾಪಾರ ಬಿಡಲಿಲ್ಲ.

ಒಮ್ಮೆ ಒಬ್ಬ ಹೆಂಗಸು ರೇಷ್ಮೆ ಬಟ್ಟೆಯೊಂದನ್ನು ಮಾರಲು ತಂದು ನೂರು ದಿರ್ಹಮ್ ಕೇಳಿದಳು. ಇದರ ಬೆಲೆ ಅದಕ್ಕಿಂತ ಜಾಸ್ತಿ ಎಂದರು ಇಮಾಮರು. ನೂರು ನೂರಾಗಿ ಏರಿಸುತ್ತಾ ಆಕೆ ನಾನೂರಕ್ಕೆ ಬಂದಳು. ಅದಕ್ಕೂ ಜಾಸ್ತಿ ಎಂದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಬೆಲೆ ಕಟ್ಟಲು ಬೇರೆಯವರನ್ನು ಕರೆಸಿದರು. ಕೊನೆಗೆ ಐನೂರಕ್ಕೆ ಕೊಂಡರು. ಎದುರಿಗಿರುವವಳಿಗೆ ಬೆಲೆ ಗೊತ್ತಿಲ್ಲ ಎಂಬುದನ್ನು ಅವರು ಲಾಭವೆಂದು ಎಣಿಸಲಿಲ್ಲ.

ಇನ್ನೊಂದು ಘಟನೆ ಅವರ ಪಾಲುದಾರ ಹಫ್ಸ್ ಬಿನ್ ಅಬ್ದುರ್ರಹ್ಮಾನರದ್ದು. ಇಮಾಮರು ಕಳುಹಿಸಿದ ಮಾಲಿನಲ್ಲಿ ಒಂದು ಬಟ್ಟೆಯಲ್ಲಿ ದೋಷವಿತ್ತು. ಗಿರಾಕಿಗೆ ಅದನ್ನು ತೋರಿಸಿಯೇ ಮಾರಬೇಕೆಂದು ಮೊದಲೇ ತಿಳಿಸಿದ್ದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವರು ಯಾರೆಂದೂ ಗೊತ್ತಾಗಲಿಲ್ಲ. ಸುದ್ದಿ ತಿಳಿದಾಗ ಇಮಾಮರು ಆ ಮಾಲಿನ ಪೂರ್ತಿ ಹಣವನ್ನು ಸದಖಾ ಮಾಡಿಬಿಟ್ಟರು. ದೋಷವಿದ್ದದ್ದು ಒಂದು ಬಟ್ಟೆಯಲ್ಲಿ, ಮರೆತದ್ದು ಪಾಲುದಾರ. ತಪ್ಪು ನನ್ನದಲ್ಲ ಎನ್ನಲು ದಾರಿಯಿತ್ತು, ಅವರು ಆ ದಾರಿ ಹಿಡಿಯಲಿಲ್ಲ. ಕಣ್ಣಿಗೆ ಕಾಣದ ಗಿರಾಕಿಗೂ ಆ ಹಣದಲ್ಲಿ ಹಕ್ಕಿದೆ ಎಂಬುದು ಅವರ ಲೆಕ್ಕ.

ಲಾಭದಲ್ಲಿ ಕೂಫಾದ ಉಲಮಾಗಳಿಗೆ ಬೇಕಾದ ಸಾಮಾನು ಕೊಡಿಸುತ್ತಿದ್ದರು. ಬಡವರಾಗಿದ್ದ ಶಿಷ್ಯ ಅಬೂ ಯೂಸುಫರ ಮನೆಖರ್ಚನ್ನೂ ನೋಡಿಕೊಂಡರು.

ದರ್ಸಿನಲ್ಲೂ ಅವರದ್ದು ಮುಶಾವರದ ರೀತಿ. ಒಂದು ಮಸ್ಅಲ ಎತ್ತಿದರೆ ಶಿಷ್ಯರ ಅಭಿಪ್ರಾಯ ಕೇಳುವರು, ಕೆಲವೊಮ್ಮೆ ದಿನಗಟ್ಟಲೆ ಚರ್ಚೆ. ಆಫಿಯಾ ಎಂಬ ಶಿಷ್ಯ ಬರದೆ ತೀರ್ಮಾನ ಬರೆಯಬೇಡಿ ಎನ್ನುತ್ತಿದ್ದರು ಎಂಬ ವರದಿಯೂ ಇದೆ. ಅಬೂ ಯೂಸುಫ್, ಮುಹಮ್ಮದ್, ಝುಫರ್ ಮುಂತಾದವರು ಎಷ್ಟೋ ವಿಷಯಗಳಲ್ಲಿ ಉಸ್ತಾದರನ್ನು ಒಪ್ಪಲಿಲ್ಲ. ಆ ಭಿನ್ನಾಭಿಪ್ರಾಯಗಳು ಹನಫೀ ಕಿತಾಬುಗಳಲ್ಲಿ ಇಂದಿಗೂ ಇವೆ.

ಎಲ್ಲರ ಮಾತು ಕೇಳುತ್ತಿದ್ದರು ಎಂದಮಾತ್ರಕ್ಕೆ ಅವರು ಯಾರಿಗೂ ಬಗ್ಗುವವರಾಗಿರಲಿಲ್ಲ. ಖಲೀಫ ಮನ್ಸೂರ್ ಖಾಝಿ ಹುದ್ದೆ ಕೊಡಲು ಬಂದಾಗ ಬೇಡ ಎಂದರು. ಅದಕ್ಕಾಗಿ ಜೈಲು ಸೇರಿದರು. ಹಿಜರಿ 150ರಲ್ಲಿ (ಕ್ರಿ.ಶ. 767) ಬಗ್ದಾದಿನಲ್ಲಿ ವಫಾತಾದರು. ನಮ್ಮ ಇಮಾಮ್ ಶಾಫಿಈ(ರ.) ಹುಟ್ಟಿದ್ದು ಅದೇ ವರ್ಷ. ಮುಂದೆ ಅವರು ಅಬೂ ಹನೀಫಾರ ಶಿಷ್ಯ ಮುಹಮ್ಮದರಿಂದ ಕಲಿತರು. ಹೀಗೆ ಆ ದರ್ಸಿನ ಬೆಳಕು ನಮ್ಮವರೆಗೂ ಬಂದಿದೆ.

ಇಂದು ಊರಲ್ಲಾಗಲಿ ಗಲ್ಫಿನಲ್ಲಾಗಲಿ ನಮ್ಮವರ ಎಷ್ಟೋ ಅಂಗಡಿಗಳು ಪಾಲಿನಲ್ಲಿ ನಡೆಯುತ್ತವೆ. ಅಣ್ಣ-ತಮ್ಮ, ಭಾವ-ಮೈದುನ ಸೇರಿ ಶುರುಮಾಡಿದ ವ್ಯಾಪಾರ ಲೆಕ್ಕದ ದಿನ ಜಗಳವಾಗಿ ಜಮಾಅತಿನ ಮುಂದೆ ಬರುವುದೂ ಉಂಟು. ಅಲ್ಲಿ ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂಬ ಮಾತೇ ಜೋರು. ಕೆಲಸದ ಹುಡುಗನ ಬಾಕಿ ಸಂಬಳ, ಮಾಲು ಕೊಟ್ಟವನ ಸಾಲ, ಮೋಸ ಹೋದ ಗಿರಾಕಿ - ಇವರ ಮಾತು ಆಡುವವರಿಲ್ಲ. ಮುಂದಿನ ಸಲ ಪಾಲುದಾರರು ಲೆಕ್ಕಕ್ಕೆ ಕೂತಾಗ ಇವರ ಹಕ್ಕನ್ನು ಮೊದಲು ಬರೆಯಲಿ. ಉಳಿದದ್ದನ್ನು ಹಂಚಿಕೊಂಡರೆ ಅದರಲ್ಲಿ ಬರಕತ್ ಇದೆ, ಇನ್‌ಶಾ ಅಲ್ಲಾಹ್.